ರಾಗಿ ಪೈರಿನ ಒಳಗಾವಲು

“ಬಿತ್ತಿದ್ದು ಒಂದೇ ವಾರ, ಬಿದ್ದದ್ದು ಒಂದೇ ಮಳೆ. ನಮ್ ಹೊಲ ಸುಟ್ಟೋಗೈತೆ, ಬದು ಆಚೆ ಹೊಲ ಹಸಿರಾಗೇ ಐತೆ. ಇದ್ಯಾಕೆ ಸ್ವಾಮಿ?” ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ರಾಗಿಗೆ ಬೆಂಕಿ ರೋಗ ಬಂದ ವರ್ಷ ಇಂಥ ಮಾತು ಕೇಳಿಬರುತ್ತದೆ. ಇದು ದೇವರ ಮುನಿಸೂ ಅಲ್ಲ, ಯಾರದೋ ಕಣ್ಣು ಬಿದ್ದದ್ದೂ ಅಲ್ಲ. ಉತ್ತರ ಬಹುಮಟ್ಟಿಗೆ ಪೈರಿನ ಮೈಯೊಳಗೇ ಇದೆ. ಈ ದಿನ ಆ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ.

ಬೆಂಕಿ ರೋಗವನ್ನು ತರುವುದು ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಅದರ ಕಣಗಳು ಗಾಳಿಯಲ್ಲಿ ತೇಲಿಬಂದು, ಮೋಡ ಕವಿದು ಎಲೆ ಒದ್ದೆಯಾಗಿರುವ ಹೊತ್ತಿನಲ್ಲಿ ಅದರ ಮೇಲೆ ಕುಳಿತು ಮೊಳೆಯುತ್ತವೆ, ಎಲೆಯ ಸಿಪ್ಪೆಯನ್ನು ಒತ್ತಿ ತೂತುಮಾಡಿ ಒಳಹೊಗುತ್ತವೆ. ಎಲೆಯ ಮೇಲೆ ಕದಿರಿನ ಆಕಾರದ ಮಚ್ಚೆ ಏಳುತ್ತದೆ. ನಡುವೆ ಬೂದು ಬಣ್ಣ, ಅಂಚಿಗೆ ಕಂದು. ಎಲೆಗೆ ಬಂದರೆ ಪೈರು ಹೇಗೋ ಚೇತರಿಸಿಕೊಂಡೀತು. ಕಾಳು ತುಂಬುವ ಮೊದಲೇ ತೆನೆಯ ಕುತ್ತಿಗೆಗೆ ಬಂದರೆ ಮಾತ್ರ ತೆನೆಯೆಲ್ಲ ಜೊಳ್ಳು. ವರ್ಷದ ಮುದ್ದೆಯೇ ಹೋದಂತೆ.

ಹಾಗಾದರೆ ಪೈರು ಸುಮ್ಮನೆ ಕೂರುತ್ತದೆಯೆ? ಇಲ್ಲ. ನೀವೆಲ್ಲ ದೇವನಹಳ್ಳಿಯ ಕೋಟೆಯನ್ನು ಕಂಡವರೇ. ಕೋಟೆಗೆ ಗೋಡೆ ಮಾತ್ರ ಇದ್ದರೆ ಸಾಲದು, ಕಾವಲುಗಾರನೂ ಬೇಕು. ಪೈರಿಗೆ ಈ ಕಾವಲು ಕಾಯುವುದು ಕೆಲವು ಪ್ರೋಟೀನುಗಳು. ಕೆರೆಯ ಏಡಿಯ ಚಿಪ್ಪಿನಲ್ಲಿ ಕೈಟಿನ್ ಎಂಬ ವಸ್ತು ಇದೆ. ಈ ಶಿಲೀಂಧ್ರದ ಹೊರಗೋಡೆಯಲ್ಲೂ ಅದೇ ಇದೆ. ಗಿಡದ ಮೈಯಲ್ಲಿ ಇಲ್ಲ. ಆದ್ದರಿಂದ ಕೈಟಿನ್ ಚೂರು ಸೋಕಿದೊಡನೆ ‘ಹೊರಗಿನವನು ಬಂದ’ ಎಂದು ಗಿಡಕ್ಕೆ ತಿಳಿಯುತ್ತದೆ. ಹೀಗೆ ಗುರುತು ಹಿಡಿಯುವ ಪ್ರೋಟೀನೊಂದನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಭತ್ತದಲ್ಲಿ ಕಂಡುಹಿಡಿದರು.

ಗುರುತು ಸಿಕ್ಕಿದ ಮೇಲೆ ಆಯುಧ ಹೊರಬರುತ್ತದೆ. ಕೈಟಿನೇಸ್ ಎಂಬ ಪ್ರೋಟೀನು ಕತ್ತರಿಯಂತೆ ಕೈಟಿನ್ನನ್ನು ತುಂಡರಿಸುತ್ತದೆ. ಗ್ಲುಕನೇಸ್ ಎಂಬುದು ಆ ಗೋಡೆಯ ಇನ್ನೊಂದು ಪದಾರ್ಥವನ್ನು ಕತ್ತರಿಸುತ್ತದೆ. ಬಿದ್ದ ಚೂರುಗಳು ಮತ್ತೆ ಡಂಗುರ ಹೊಡೆದಂತೆ ಎಚ್ಚರಿಕೆ ಕೊಡುತ್ತವೆ. ಮುತ್ತಿಗೆಗೆ ಸಿಕ್ಕಿದ ಜೀವಕಣಗಳು ಎಷ್ಟೋ ವೇಳೆ ತಾವೇ ಸತ್ತು, ರೋಗ ಮುಂದೆ ಹರಿಯದಂತೆ ದಾರಿ ಕಟ್ಟುತ್ತವೆ.

ಇಲ್ಲೊಂದು ಸಂಗತಿಯನ್ನು ಮನಸ್ಸಿನಲ್ಲಿಡಿ. ರೋಗಕ್ಕೆ ಬೀಳುವ ತಳಿಯಲ್ಲೂ ಈ ಆಯುಧಗಳು ಇವೆ. ಆದರೆ ಅದಕ್ಕೆ ತಡವಾಗಿ ಎಚ್ಚರವಾಗುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ! ರೋಗ ತಡೆಯುವ ತಳಿಗೆ ಬೇಗ ಎಚ್ಚರವಾಗುತ್ತದೆ. ಬದುವಿನ ಆಚೆ ಈಚೆ ಕಂಡ ವ್ಯತ್ಯಾಸಕ್ಕೆ ದೊಡ್ಡ ಕಾರಣ ಇದೇ.

ಈ ಗುಣ ತಳಿಯಿಂದ ತಳಿಗೆ ಬರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು 1960ರ ದಶಕದಿಂದ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಮುಂದೆ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಪಿಯು-28ರ ಹೆತ್ತವರಲ್ಲಿ ಇಂಡಾಫ್-5 ಒಂದು. ಜಿಪಿಯು-28 ಬೆಂಕಿ ರೋಗವನ್ನು ಚೆನ್ನಾಗಿ ತಡೆಯುತ್ತದೆ, ಸುಮಾರು 110ರಿಂದ 115 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅದೇ ಉದುರುಮಲ್ಲಿಗೆ ಎಂಬ ತಳಿ ಎಷ್ಟು ಬೇಗ ರೋಗಕ್ಕೆ ಬೀಳುತ್ತದೆಂದರೆ, ಪರೀಕ್ಷೆಯ ಹೊಲಗಳಲ್ಲಿ ಹೋಲಿಸಿ ನೋಡಲೆಂದೇ ಅದನ್ನು ಬಿತ್ತುತ್ತಾರೆ.

‘ಸರಿ, ಒಳ್ಳೆ ತಳಿ ಹಾಕಿದ್ದಾಯ್ತು, ಇನ್ನೇನು ಭಯ’ ಎನ್ನಬೇಡಿ. ತಡೆಯುವ ತಳಿಗೂ ಒಂದೊಂದು ವರ್ಷ ಅಲ್ಪಸ್ವಲ್ಪ ರೋಗ ಬಂದೀತು. ಶಿಲೀಂಧ್ರವೂ ಕಾಲಕಾಲಕ್ಕೆ ವೇಷ ಬದಲಾಯಿಸುತ್ತದೆ. ಕಾವಲುಗಾರನಿಗೆ ನಾವೂ ಕೈಜೋಡಿಸಬೇಕು.

ಮೊದಲನೆಯದು, ಯೂರಿಯಾ ಮಿತವಾಗಿರಲಿ. ಹೆಚ್ಚು ಹಾಕಿದರೆ ಪೈರು ಕಪ್ಪು ಹಸಿರಾಗಿ ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ರೋಗಕ್ಕೆ ಸುಲಭದ ತುತ್ತಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಕಂತಿನಲ್ಲಿ ಕೊಡಿ.

ಎರಡನೆಯದು, ಸ್ಯೂಡೋಮೊನಾಸ್ ಎಂಬ ಪುಡಿಯನ್ನು ಕಿಲೋ ಬೀಜಕ್ಕೆ 10 ಗ್ರಾಂನಂತೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತಿ. ಇದರಲ್ಲಿರುವುದು ಒಳ್ಳೆಯ ಸೂಕ್ಷ್ಮಜೀವಿ. ಬೇರಿನ ಬಳಿ ನೆಲೆಸಿ, ಶತ್ರು ಬರುವ ಮೊದಲೇ ಪೈರಿನ ಕಾವಲನ್ನು ಎಚ್ಚರಿಸುತ್ತದೆ. ಪೊಟ್ಟಣದ ಮೇಲಿನ ಅವಧಿ ಮುಗಿದಿದ್ದರೆ ಕೊಳ್ಳಬೇಡಿ.

ಮೂರನೆಯದು ತಾಯಂದಿರಿಗೆ. ಬಿತ್ತನೆ ರಾಗಿ ಎತ್ತಿಡುವವರು ನೀವೇ ತಾನೆ? ರೋಗ ಬೀಜದ ಜೊತೆಯಲ್ಲೂ ಬರುತ್ತದೆ. ಕುತ್ತಿಗೆ ಕಪ್ಪಾದ ತೆನೆಯ ಕಾಳನ್ನು ಬೀಜಕ್ಕೆ ಬೆರೆಸಬೇಡಿ. ಕೊಯ್ಲಿಗೆ ಮೊದಲೇ ಹೊಲ ಸುತ್ತಿ, ಶುದ್ಧವಾದ ತೆನೆಗಳನ್ನು ಆರಿಸಿ ಬೇರೆ ಕಟ್ಟಿಡಿ.

ಮಚ್ಚೆ ಕಂಡಾಗ ಕೈಗೆ ಸಿಕ್ಕ ಔಷಧಿ ಹೊಡೆಯಬೇಡಿ. ಒಂದೆರಡು ಗಿಡ ಕಿತ್ತು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ ಕೇಳಿ.

ಪೈರು ತನ್ನನ್ನು ತಾನು ಕಾಯಬಲ್ಲದು. ಅದಕ್ಕೆ ಎಚ್ಚರ ಬೇಗ ಆಗುವಂತೆ ನೋಡಿಕೊಳ್ಳುವುದು ಬಿತ್ತುವವರ ಕೈಯಲ್ಲಿದೆ. ಈ ಸಲ ಕೂರಿಗೆ ಹೂಡುವ ಮುಂಚೆ, ಸೆರಗಿನಲ್ಲಿರುವ ಬೀಜ ಯಾವ ತಳಿಯದು, ಯಾವ ಹೊಲದ್ದು ಎಂದು ಒಮ್ಮೆ ಕೇಳಿಕೊಳ್ಳಿ.