ಮೀನು ಬಿಡುವ ಮೊದಲು



ಕಳೆದ ಸಭೆಯಲ್ಲಿ ನಾನೇ ಒಂದು ಸಲಹೆ ಕೊಟ್ಟಿದ್ದೆ. ಈ ಸಲ ಊರ ಕಡೆ ಪ್ರವಾಸ ಹೋಗುವಾಗ ಲೋನಾವಳದಿಂದ ಮಹಶೀರ್ ಮೀನಿನ ಮರಿಗಳನ್ನು ಒಯ್ದು ಕಾವೇರಿಗೆ ಬಿಡೋಣ ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ಖಜಾಂಚಿಯವರೂ ದುಡ್ಡಿಗೆ ಒಪ್ಪಿದರು. ಇವತ್ತು ಆ ಸಲಹೆಯನ್ನು ವಾಪಸ್ ತೆಗೆದುಕೊಳ್ಳಲು ನಿಂತಿದ್ದೇನೆ.

ನನ್ನಜ್ಜಿಯ ಮನೆ ರಾಮನಾಥಪುರದ ಹತ್ತಿರ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ದೇವರ ಮೀನುಗಳಿವೆ, ಯಾರೂ ಹಿಡಿಯುವುದಿಲ್ಲ. ಅಜ್ಜಿ ಕಡ್ಲೆಪುರಿ ಎರಚಿದರೆ ನೀರೇ ಕುದಿದ ಹಾಗೆ ಮೇಲೆ ಬರುತ್ತಿದ್ದವು. ಪುಣೆಗೆ ಬಂದ ಮೇಲೆ, ಲೋನಾವಳದ ವಳವಣದಲ್ಲಿ ಟಾಟಾ ಪವರ್‌ನವರ ಹ್ಯಾಚರಿ ಮಹಶೀರ್ ಮರಿ ಮಾಡಿಸುತ್ತದೆ ಎಂದು ಕೇಳಿ ಅಜ್ಜಿಯೇ ಸಿಕ್ಕಷ್ಟು ಖುಷಿಯಾಯಿತು.

ಅವರ ಕೆಲಸ ಸಣ್ಣದಲ್ಲ. ಮಹಶೀರ್ ಮಳೆಗಾಲದಲ್ಲಿ ಹೊಳೆಗೆ ಎದುರಾಗಿ ಈಜಿ, ಮೇಲಿನ ಕಲ್ಲು ನೆಲದಲ್ಲಿ ಮೊಟ್ಟೆ ಇಡುವ ಮೀನು. ಅಣೆಕಟ್ಟು ಬಂದರೆ ದಾರಿ ಬಂದ್. ಹಾಗಾಗಿ 1970ರ ದಶಕದಿಂದ ಅಲ್ಲಿ ತಾಯಿಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮೊಟ್ಟೆ ತೆಗೆದು, ಗಂಡಿನ ವೀರ್ಯ ಬೆರೆಸಿ, ಹರಿಯುವ ನೀರಿನಲ್ಲಿಟ್ಟು ಕಾಯುತ್ತಾರೆ. ಮೂರು-ನಾಲ್ಕು ದಿನಕ್ಕೆ ಮರಿ ಒಡೆಯುತ್ತದೆ. ಆ ಮರಿಗಳು ಬೇರೆ ಬೇರೆ ರಾಜ್ಯಗಳಿಗೂ ಹೋದವು. 2020ರಲ್ಲಿ ಈ ನೀಲಿ ರೆಕ್ಕೆಯ ಮಹಶೀರ್ ಐಯುಸಿಎನ್‌ನ ಅಪಾಯದ ಪಟ್ಟಿಯಿಂದ ಕೆಳಗಿಳಿಯಿತು.

ಮಹಶೀರ್ ಎಲ್ಲ ಒಂದೇ ಎಂದುಕೊಂಡದ್ದೇ ನನ್ನ ತಪ್ಪು. ಕಾವೇರಿಗೆ ತನ್ನದೇ ಒಂದಿದೆ: ಕಿತ್ತಳೆ ರೆಕ್ಕೆ, ಬೆನ್ನಿನ ಮೇಲೆ ಗೂನು. 1946ರಲ್ಲಿ ಕಬಿನಿಯಲ್ಲಿ ಸಿಕ್ಕಿದ ಒಂದು 120 ಪೌಂಡ್ ತೂಗಿತ್ತು! ಗಾಲಿಬೋರೆಯಲ್ಲಿ ಗಾಳ ಹಾಕಿ, ಮೀನನ್ನು ಮತ್ತೆ ನೀರಿಗೇ ಬಿಡುವವರು 1998ರಿಂದ 2012ರವರೆಗೆ ಲೆಕ್ಕ ಬರೆದಿಟ್ಟಿದ್ದರು. ಅವರಿಗೆ ನೀರು ತೋರಿಸುತ್ತಿದ್ದವರು ಸುತ್ತಲಿನ ಹಳ್ಳಿಯವರೇ. ಆ ಲೆಕ್ಕ ನೋಡಿದಾಗಲೇ ಗೊತ್ತಾದದ್ದು: ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದು ಏರುತ್ತಾ ಹೋಗಿದೆ, ಊರಿನದು ಇಳಿಯುತ್ತಾ ಹೋಗಿದೆ. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಎಲ್ಲ ಸೇರಿದೆ, ಆದರೆ ಒಳ್ಳೆಯ ಮನಸ್ಸಿನಿಂದ ಬಿಟ್ಟ ಮರಿಗಳೂ ಸೇರಿವೆ. 2018ರಲ್ಲಿ ಗೂನು ಬೆನ್ನಿನ ಮಹಶೀರ್ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು.

ನಮ್ಮ ಐಟಿಯಲ್ಲಿ ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಹಾಕಿದರೆ ರಾತ್ರೋರಾತ್ರಿ ಹಳೆಯದಕ್ಕೆ ಮರಳಬಹುದು. ನದಿಗೆ ಬಿಟ್ಟ ಮರಿಯನ್ನು ಯಾರು ಹಿಂದಕ್ಕೆ ಕರೆಯುತ್ತಾರೆ?

ಹ್ಯಾಚರಿ ಬೇಡ ಎನ್ನುತ್ತಿಲ್ಲ. ನೀಲಿ ರೆಕ್ಕೆಯದಕ್ಕೂ ಒಂದು ತವರಿದೆ. ಅದಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು 1839ರಲ್ಲಿ, ಸೈಕ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ನಮ್ಮ ಪುಣೆಯ ಮುಳಾ-ಮುಠಾದ ಮೀನನ್ನು ನೋಡಿ ಬರೆದಾಗ. ಆ ನದಿ ಈಗ ಹೇಗಿದೆ ಎಂದು, ದಿನಾ ಸೇತುವೆ ದಾಟುವಾಗ ಮೂಗಿಗೆ ದುಪಟ್ಟಾ ಹಿಡಿಯುವ ನಿಮಗೆ ನಾನು ಹೇಳಬೇಕಿಲ್ಲ.

ಖಜಾಂಚಿ ಅಕ್ಕ, ಆ ದುಡ್ಡನ್ನು ಇಲ್ಲೇ ಖರ್ಚು ಮಾಡೋಣ. ಗಣಪತಿ ಹಬ್ಬಕ್ಕೆ ನಮ್ಮ ಸದಸ್ಯರ ಸೊಸೈಟಿಗಳಲ್ಲಿ ನಿರ್ಮಾಲ್ಯದ ಡ್ರಮ್‌ ಇಡಬೇಕು, ಹೂವು ನದಿಗೆ ಹೋಗಬಾರದು. ಪ್ರವಾಸದಲ್ಲಿ ರಾಮನಾಥಪುರಕ್ಕೂ ಹೋಗೋಣ, ಬರಿಗೈಯಲ್ಲಿ, ನೋಡಲು. ಡ್ರಮ್ ಹೊರಲು ಬರುವವರು ಊಟಕ್ಕೆ ಮೊದಲು ನನ್ನ ಹತ್ತಿರ ಹೆಸರು ಬರೆಸಿ.