ಗೋಪುರ ಸಿಕ್ಕಿತು, ಈಗ ಹಿಂದೆ ತಿರುಗಿ: ಜಿಯೋಗೆಸ್ಸರ್‌ನಲ್ಲಿ ನಾರ್ಡಿಕ್ ದೇಶಗಳು

ನನ್ನ ದನಿ ಕೇಳಿಸ್ತಾ ಇದೆ ಅಂದ್ಕೋತೀನಿ. ಪುಣೆ, ಹೈದರಾಬಾದ್, ಚೆನ್ನೈ ಕಡೆಯಿಂದ ತುಂಬ ಜನ ಸೇರಿದ್ದೀರಿ, ದೆಹಲಿಯವರೂ ಕಾಣ್ತಿದ್ದೀರಿ. ಭಾನುವಾರ ಬೆಳಗ್ಗೆ ದೋಸೆ ಬಿಟ್ಟು ಬಂದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾನು ಇವತ್ತಿನವರೆಗೂ ಯಾವ ನಾರ್ಡಿಕ್ ದೇಶಕ್ಕೂ ಕಾಲಿಟ್ಟಿಲ್ಲ. ಆದರೆ ಆರು ವರ್ಷದಿಂದ ದಿನಾ ಅವರ ಕೆಲಸ ಮಾಡ್ತಿದ್ದೀನಿ. ನಿಮ್ಮಲ್ಲೂ ಸುಮಾರು ಜನ ಹೀಗೇ ಇರ್ತೀರಿ. ಊರುಗಳ ಹೆಸರೆಲ್ಲ ನಮಗೆ ಗೊತ್ತು, ಆದರೆ ಸರ್ವರ್ ಹೆಸರಾಗಿ, ಟಿಕೆಟ್ ನಂಬರ್ ಪಕ್ಕದ ಲೊಕೇಶನ್ ಕೋಡ್ ಆಗಿ. ಮಾಲ್ಮೋ ಡೌನ್ ಆಗಿದೆ, ಬರ್ಗೆನ್ ಅಪ್ ಆಯ್ತು, ಅಷ್ಟೇ. ಮಾಲ್ಮೋದಲ್ಲಿ ರಸ್ತೆ ಹೇಗಿದೆ, ಮನೆ ಹೇಗಿದೆ, ಜನ ಬೇಲಿಗೆ ಯಾವ ಬಣ್ಣ ಹೊಡೀತಾರೆ? ಗೊತ್ತಿಲ್ಲ. ಅದನ್ನ ನೋಡೋದಕ್ಕೆ ನನಗೆ ದಾರಿ ಮಾಡಿಕೊಟ್ಟಿದ್ದು ಜಿಯೋಗೆಸ್ಸರ್ ಅನ್ನೋ ಆಟ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಗೂಗಲ್ ಸ್ಟ್ರೀಟ್ ವ್ಯೂನ ಯಾವುದೋ ಒಂದು ಜಾಗದಲ್ಲಿ ನಿಮ್ಮನ್ನ ತಂದು ನಿಲ್ಲಿಸ್ತಾರೆ. ಸುತ್ತ ನೋಡಿ, ಬೇಕಾದರೆ ಓಡಾಡಿ, ಮ್ಯಾಪ್ ಮೇಲೆ ಪಿನ್ ಚುಚ್ಚಬೇಕು. ಸರಿಯಾದ ಜಾಗಕ್ಕೆ ಚುಚ್ಚಿದರೆ 5,000 ಅಂಕ, ದೂರ ಹೋದಷ್ಟೂ ಕಡಿಮೆ. ಐದು ಸುತ್ತು, ಒಟ್ಟು 25,000. ಇದನ್ನ 2013ರಲ್ಲಿ ಮಾಡಿದವರು ಆಂಟನ್ ವಾಲೆನ್ ಅನ್ನೋ ಸ್ವೀಡನ್ ಪ್ರೋಗ್ರಾಮರ್. ಕಂಪನಿ ಇರೋದು ಸ್ಟಾಕ್‌ಹೋಮ್‌ನಲ್ಲಿ, 2023ರ ವಿಶ್ವ ಚಾಂಪಿಯನ್‌ಶಿಪ್ ಕೂಡ ಅಲ್ಲೇ ಆಯ್ತು. ಹಾಗಾಗಿ ನಾವು ಇವತ್ತು ಆಟದ ತವರುಮನೆಗೇ ಹೋಗ್ತಿದ್ದೀವಿ.

ಇದರಲ್ಲಿ ‘ಪ್ರಸಿದ್ಧ ಜಾಗಗಳು’ ಅನ್ನೋ ಥರದ ಮ್ಯಾಪ್‌ಗಳಿವೆ. ಚೆನ್ನಾಗಿ ಆಡೋರು ಇವನ್ನ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಗೋಪುರ ಕಂಡರೆ ಗುರುತು ಸಿಗತ್ತೆ, ಅದರಲ್ಲಿ ಏನು ಆಟ ಅಂತಾರೆ. ಅವರು ಹೇಳೋದು ಅರ್ಧ ಸರಿ. ಗುರುತು ಸಿಕ್ಕ ತಕ್ಷಣ ಪಿನ್ ಚುಚ್ಚಿ ಮುಂದೆ ಹೋದರೆ ನಿಜವಾಗಲೂ ಏನೂ ಸಿಗಲ್ಲ. ನಾನು ಆಡೋ ರೀತಿ ಬೇರೆ. ಗುರುತು ಸಿಕ್ಕ ಮೇಲೆ ಕ್ಯಾಮೆರಾನ ಪೂರ್ತಿ ಹಿಂದಕ್ಕೆ ತಿರುಗಿಸ್ತೀನಿ. ಗೋಪುರ ಯಾವುದನ್ನ ನೋಡ್ತಾ ನಿಂತಿದೆಯೋ ಅದನ್ನ ನೋಡ್ತೀನಿ.

ಮೊದಲು ರೇಕ್ಯಾವಿಕ್ ತಗೊಳ್ಳಿ, ಐಸ್‌ಲ್ಯಾಂಡ್ ರಾಜಧಾನಿ. ಅಲ್ಲಿನ ಹಾಲ್‌ಗ್ರಿಮ್ಸ್‌ಕಿರ್ಕ್ಯಾ ಚರ್ಚ್‌ನ ನೀವು ಫೋಟೋದಲ್ಲಿ ನೋಡೇ ಇರ್ತೀರಿ. ಎರಡೂ ಕಡೆ ರೆಕ್ಕೆ ಇಳಿಬಿಟ್ಟ ರಾಕೆಟ್ ಥರ ಇದೆ. ಎತ್ತರ 74.5 ಮೀಟರ್. ಕಟ್ಟೋಕೆ ಶುರು ಮಾಡಿದ್ದು 1945ರಲ್ಲಿ, ಮುಗಿದಿದ್ದು 1986ರಲ್ಲಿ. ನಮ್ಮ ಫ್ಲೈಓವರ್‌ಗಳ ಬಗ್ಗೆ ಬೈಕೊಳ್ಳೋರಿಗೆ ಸ್ವಲ್ಪ ಸಮಾಧಾನ ಆಗಬಹುದು. ಆ ಮೆಟ್ಟಿಲು ಮೆಟ್ಟಿಲಾದ ಕಂಬಗಳು ಲಾವಾ ತಣ್ಣಗಾಗುವಾಗ ಆಗೋ ಕಂಬಗಲ್ಲಿನ ನೆನಪಿಗೆ ಮಾಡಿದ್ದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಆ ಆಕಾರ ಹೇಳಿಕೊಡಬೇಕಾಗಿಲ್ಲ. ಮುಂದೆ ನಿಂತಿರೋ ಪ್ರತಿಮೆ ಲೈಫ್ ಎರಿಕ್ಸನ್‌ದು. ಐಸ್‌ಲ್ಯಾಂಡ್ ಸಂಸತ್ತಿಗೆ 1930ರಲ್ಲಿ 1,000 ವರ್ಷ ತುಂಬಿತು ಅಂತ ಅಮೆರಿಕ ಕೊಟ್ಟ ಉಡುಗೊರೆ. ಅಂದರೆ ಪ್ರತಿಮೆ ಮೊದಲು, ಚರ್ಚ್ ಆಮೇಲೆ.

ಈಗ ಹಿಂದೆ ತಿರುಗಿ. ಕೆಳಗಡೆ ಇಳಿಯೋ ಒಂದು ರಸ್ತೆ, ಅದರ ಎರಡೂ ಕಡೆ ಕೆಂಪು, ಹಸಿರು, ನೀಲಿ ಮನೆಗಳು. ಹತ್ತಿರ ಹೋಗಿ ನೋಡಿ. ಎಷ್ಟೋ ಮನೆಗಳ ಗೋಡೆಗೇ ತಗಡು! ನಮ್ಮಲ್ಲಿ ಶೆಡ್‌ಗೆ ಹಾಕ್ತೀವಲ್ಲ, ಅದೇ ಅಲೆ ಅಲೆಯ ಶೀಟು. ಅಲ್ಲಿ ಮರ ಕಡಿಮೆ, ಮಳೆ ಮೇಲಿಂದ ಬೀಳೋ ಬದಲು ಗಾಳಿ ಜೊತೆ ಅಡ್ಡಡ್ಡ ಹೊಡೆಯತ್ತೆ. ಹಾಗಾಗಿ ಹೊರಗಿಂದ ತಂದ ಮರದ ಮನೆಗೆ ತಗಡಿನ ಅಂಗಿ ಹಾಕ್ತಾರೆ. ಚರ್ಚ್ ನೋಡಿದರೆ 5,000 ಅಂಕ ಸಿಗತ್ತೆ. ಆ ಊರಲ್ಲಿ ಜನ ಹೇಗೆ ಬದುಕ್ತಾರೆ ಅನ್ನೋದನ್ನ ಹೇಳೋದು ಈ ತಗಡು.

ಕೆಲವು ಕಡೆ ಗೋಪುರವೇ ದಾರಿ ತಪ್ಪಿಸತ್ತೆ. ಹೆಲ್ಸಿಂಕಿಯ ಸೆನೆಟ್ ಚೌಕ ಇದಕ್ಕೆ ಒಳ್ಳೇ ಉದಾಹರಣೆ. ಬಿಳಿ ಚರ್ಚ್, ಹಸಿರು ಗುಮ್ಮಟ, ಹಳದಿ ಸರ್ಕಾರಿ ಕಟ್ಟಡಗಳು, ಮಧ್ಯದಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಪ್ರತಿಮೆ. ಹೊಸಬರು ಸೀದಾ ಹೋಗಿ ಸೇಂಟ್ ಪೀಟರ್ಸ್‌ಬರ್ಗ್ ಮೇಲೆ ಚುಚ್ತಾರೆ. ಅವರ ಅಂದಾಜಿಗೂ ಕಾರಣ ಇದೆ. 1809ರಿಂದ 1917ರವರೆಗೆ ಫಿನ್‌ಲ್ಯಾಂಡ್ ರಷ್ಯಾ ಸಾಮ್ರಾಜ್ಯದ ಕೆಳಗಿತ್ತು, 1852ರಲ್ಲಿ ಮುಗಿದ ಈ ಚರ್ಚ್ ಆ ಕಾಲದ್ದೇ. ಶೀತಲ ಸಮರದ ಕಾಲದಲ್ಲಿ ಹಾಲಿವುಡ್‌ನವರು ರಷ್ಯಾ ತೋರಿಸಬೇಕಾದಾಗ ಹೆಲ್ಸಿಂಕಿಗೆ ಬಂದು ಶೂಟಿಂಗ್ ಮಾಡ್ತಿದ್ದರು.

ಹಾಗಾದರೆ ಬಿಡಿಸೋದು ಹೇಗೆ? ರಸ್ತೆ ಹೆಸರಿನ ಬೋರ್ಡ್ ನೋಡಿ. ಒಂದೇ ಬೋರ್ಡ್‌ನಲ್ಲಿ ಎರಡು ಹೆಸರು: ಮೇಲೆ ಫಿನ್ನಿಷ್, ಕೆಳಗೆ ಸ್ವೀಡಿಷ್. ಇದು ನನಗೆ ಗೋಪುರಕ್ಕಿಂತ ಹೆಚ್ಚು ಇಷ್ಟ. ಫಿನ್‌ಲ್ಯಾಂಡ್‌ನಲ್ಲಿ ಸ್ವೀಡಿಷ್ ಮನೆಮಾತಿನವರು ನೂರಕ್ಕೆ ಐದು ಜನ ಅಷ್ಟೇ. ಆದರೆ ಒಂದು ಊರಿನ ಆಡಳಿತದ ವ್ಯಾಪ್ತಿಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇಕಡಾ 8ರಷ್ಟಿದ್ದರೆ, ಇಲ್ಲವೇ 3,000 ಜನ ಇದ್ದರೆ, ಆ ಊರು ಕಾನೂನಿನ ಪ್ರಕಾರ ದ್ವಿಭಾಷಾ ಊರು. ಬೋರ್ಡ್ ಎರಡರಲ್ಲೂ ಬರತ್ತೆ, ಕಚೇರಿಯಲ್ಲೂ ಎರಡೂ ನಡೆಯತ್ತೆ. ಕರಾವಳಿಯ ಕೆಲವು ಊರಲ್ಲಿ ಸ್ವೀಡಿಷರೇ ಹೆಚ್ಚು, ಅಲ್ಲಿ ಬೋರ್ಡ್‌ನಲ್ಲಿ ಸ್ವೀಡಿಷ್ ಮೇಲೆ. ಯಾವ ಹೆಸರು ಮೇಲಿದೆ ಅಂತ ನೋಡಿಯೇ ಕರಾವಳಿಗೆ ಹತ್ತಿರ ಇದ್ದೀವಾ, ಒಳನಾಡಲ್ಲಿದ್ದೀವಾ ಅಂತ ಅಂದಾಜು ಮಾಡಬಹುದು. ಬೇರೆ ರಾಜ್ಯದಲ್ಲಿ ಕೂತು ಅಂಗಡಿ ಬೋರ್ಡ್‌ನಲ್ಲಿ ಒಂದು ಕನ್ನಡ ಅಕ್ಷರ ಕಂಡರೆ ಫೋಟೋ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕೋ ನಮಗೆ ಇದು ಬೇಗ ಅರ್ಥ ಆಗತ್ತೆ, ಅಲ್ವಾ?

ಗೋಪುರ ಏನೂ ಇಲ್ಲದೆ ಬರೀ ರಸ್ತೆ, ಪೈನ್ ಕಾಡು ಇದ್ದರೆ? ಆಗ ರಸ್ತೆ ಮಧ್ಯದ ಗೆರೆ ನೋಡಿ. ಹಳದಿ ಇದ್ದರೆ ನಾರ್ವೆ. ಸ್ವೀಡನ್, ಡೆನ್ಮಾರ್ಕ್‌ನಲ್ಲಿ ಬಿಳಿ. ಆಮೇಲೆ ತ್ರಿಕೋನದ ಎಚ್ಚರಿಕೆ ಫಲಕ: ಕೆಂಪು ಅಂಚಿನ ಒಳಗೆ ಹಳದಿ ಇದ್ದರೆ ಸ್ವೀಡನ್, ಫಿನ್‌ಲ್ಯಾಂಡ್ ಅಥವಾ ಐಸ್‌ಲ್ಯಾಂಡ್, ಬಿಳಿ ಇದ್ದರೆ ನಾರ್ವೆ ಅಥವಾ ಡೆನ್ಮಾರ್ಕ್. ಅಕ್ಷರಗಳಲ್ಲಿ, ಇಂಗ್ಲಿಷ್ ‘ಓ’ಗೆ ಅಡ್ಡಗೀಟು ಎಳೆದಿದ್ದರೆ ಡೆನ್ಮಾರ್ಕ್ ಅಥವಾ ನಾರ್ವೆ, ತಲೆ ಮೇಲೆ ಎರಡು ಚುಕ್ಕಿ ಇದ್ದರೆ ಹೆಚ್ಚಾಗಿ ಸ್ವೀಡನ್ ಅಥವಾ ಫಿನ್‌ಲ್ಯಾಂಡ್. ‘ಪಿ’ ಥರ ಕಂಡರೂ ಕಡ್ಡಿ ಮೇಲಕ್ಕೂ ಚಾಚಿರೋ ಅಕ್ಷರ ಸಿಕ್ಕರೆ ಯೋಚನೆನೇ ಬೇಡ, ಐಸ್‌ಲ್ಯಾಂಡ್. ಸಣ್ಣ ರಸ್ತೆಗಳಲ್ಲಿ ಮಧ್ಯದ ಗೆರೆ ಇರೋದೇ ಇಲ್ಲ, ಅಲ್ಲಿ ಬೇರೆ ಸುಳಿವು ಹುಡುಕಬೇಕು.

ಫಿನ್‌ಲ್ಯಾಂಡ್ ಗೆರೆ ಹೇಳಲಿಲ್ಲ ಅಂತ ಯಾರೋ ಚಾಟ್‌ನಲ್ಲಿ ಕೇಳಿದ್ದಾರೆ. ಬೇಕಂತಲೇ ಬಿಟ್ಟಿದ್ದೆ. ಅಲ್ಲಿ ಮೊದಲು ಹಳದಿ ಗೆರೆ ಇತ್ತು. 2020ರ ಜೂನ್‌ನಲ್ಲಿ ಹೊಸ ಸಂಚಾರ ಕಾನೂನು ಬಂದ ಮೇಲೆ ಬಿಳಿಗೆ ಬದಲಾಯಿಸಿದರು. ಆದರೆ ಆಟದಲ್ಲಿರೋ ಎಷ್ಟೋ ಚಿತ್ರಗಳು ಅದಕ್ಕಿಂತ ಹಳೆಯವು, ಅಲ್ಲಿ ಗೆರೆ ಇನ್ನೂ ಹಳದಿಯೇ.

ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದಿದ್ದು ಇದನ್ನೇ. ನಾವು ಸ್ಟ್ರೀಟ್ ವ್ಯೂನಲ್ಲಿ ನೋಡ್ತಿರೋದು ಜಾಗ ಮಾತ್ರ ಅಲ್ಲ, ಒಂದು ದಿನಾಂಕ ಕೂಡ. ಆಟ ಜಾಗ ಎಲ್ಲಿ ಅಂತ ಕೇಳತ್ತೆ, ಯಾವಾಗ ಅಂತ ಕೇಳಲ್ಲ.

ಕೋಪನ್‌ಹೇಗನ್‌ನ ಲಿಟಲ್ ಮರ್ಮೇಡ್ ಗೊತ್ತಲ್ಲ, ಸಮುದ್ರದ ದಡದಲ್ಲಿ ಕಲ್ಲಿನ ಮೇಲೆ ಕೂತಿರೋ ಮತ್ಸ್ಯಕನ್ಯೆ? 1913ರದ್ದು, ಎತ್ತರ ಬರೀ 1.25 ಮೀಟರ್. ಅದರ ತಲೆಯನ್ನೇ ಎರಡು ಸಲ ಕತ್ತರಿಸಿಕೊಂಡು ಹೋಗಿದ್ದಾರೆ, 1964ರಲ್ಲಿ ಒಮ್ಮೆ, 1998ರಲ್ಲಿ ಮತ್ತೊಮ್ಮೆ. 2010ರಲ್ಲಿ ಕೆಲವು ತಿಂಗಳು ಅದು ಊರಲ್ಲೇ ಇರಲಿಲ್ಲ, ಶಾಂಘೈ ಎಕ್ಸ್‌ಪೋಗೆ ಕಳಿಸಿದ್ದರು. ಅದೇ ಊರಿನ ಹಳೇ ಷೇರುಪೇಟೆ ಕಟ್ಟಡ ಬೋರ್ಸನ್‌ದು ಇನ್ನೊಂದು ಕಥೆ. ನಾಲ್ಕು ಡ್ರ್ಯಾಗನ್‌ಗಳ ಬಾಲ ಹೆಣೆದಂಥ ಅದರ ಶಿಖರ 2024ರ ಏಪ್ರಿಲ್ 16ರಂದು ಬೆಂಕಿಯಲ್ಲಿ ಕುಸಿದು ಬಿತ್ತು. ಸುಮಾರು 400 ವರ್ಷದ ಕಟ್ಟಡ, ರಿಪೇರಿ ನಡೀತಿತ್ತು, ಆಗಲೇ ಹೊತ್ತಿಕೊಂಡಿತು. ಜನ ಕಚೇರಿ ಬಿಟ್ಟು ಓಡಿ ಬಂದು, ಒಳಗಿದ್ದ ಪೇಂಟಿಂಗ್‌ಗಳನ್ನ ಕೈಯಲ್ಲಿ ಹೊತ್ತು ಆಚೆ ತಂದರು. ಆದರೆ ಹಳೇ ಚಿತ್ರದೊಳಗೆ ನಿಮ್ಮನ್ನ ಬಿಟ್ಟರೆ ಆ ಡ್ರ್ಯಾಗನ್‌ಗಳು ಇವತ್ತಿಗೂ ಆಕಾಶಕ್ಕೆ ಬಾಲ ಎತ್ತಿ ನಿಂತಿವೆ.

ಈಗ ಕಿರುನಾ. ಸ್ವೀಡನ್‌ನ ಉತ್ತರ ತುದಿಯ ಪಟ್ಟಣ, ಆರ್ಕ್ಟಿಕ್ ವೃತ್ತದಿಂದ ಸುಮಾರು 145 ಕಿ.ಮೀ. ಮೇಲೆ. ಊರು ಹುಟ್ಟಿದ್ದೇ ಕಬ್ಬಿಣದ ಗಣಿಗಾಗಿ, ಗಣಿ ಸರ್ಕಾರಿ ಕಂಪನಿ ಎಲ್‌ಕೆಎಬಿಯದು. ಅಲ್ಲಿನ ಅದಿರು ಒಂದು ದೊಡ್ಡ ಹಲಗೆ ಓರೆಯಾಗಿ ಇಟ್ಟ ಹಾಗೆ ಊರಿನ ಅಡಿಗೇ ಇಳಿದುಕೊಂಡು ಹೋಗಿದೆ. ಕೆಳಗೆ ಅದಿರು ತೆಗೆದಂತೆ ಮೇಲಿನ ಬಂಡೆ ಕುಸಿಯತ್ತೆ, ಬಿರುಕು ಊರ ಕಡೆ ಬರತ್ತೆ. 2004ರಲ್ಲಿ ಕಂಪನಿ ಹೇಳಿತು, ಗಣಿ ಮುಂದುವರಿಯಬೇಕಾದರೆ ಊರು ಜಾಗ ಬಿಡಬೇಕು ಅಂತ. ಗಣಿ ನಿಲ್ಲಿಸಿದರೆ ಆ ಊರಿಗೆ ಕೆಲಸವೇ ಇಲ್ಲ. ಹಾಗಾಗಿ ಊರೇ ಎದ್ದು ಹೊರಟಿತು. ಮೂರು ಕಿ.ಮೀ. ಪೂರ್ವಕ್ಕೆ ಹೊಸ ಪೇಟೆ ಕಟ್ಟಿದರು, 2022ರಲ್ಲಿ ಉದ್ಘಾಟನೆ ಆಯ್ತು. ಮನೆ ಬಿಡಬೇಕಾದವರು ಸುಮಾರು 6,000 ಜನ.

ಅಲ್ಲೊಂದು ಕೆಂಪು ಮರದ ಚರ್ಚ್ ಇದೆ, 1912ರದ್ದು. ಆ ನೆಲದ ಮೂಲನಿವಾಸಿಗಳಾದ ಸಾಮಿ ಜನರ ಗುಡಿಸಲಿನ ಆಕಾರ. ಅದನ್ನ ಬಿಚ್ಚಲಿಲ್ಲ. 672 ಟನ್ ತೂಕದ ಕಟ್ಟಡವನ್ನ ಇಡಿಯಾಗಿ ಎತ್ತಿ ಚಕ್ರದ ಗಾಡಿಗಳ ಮೇಲಿಟ್ಟು, ರಸ್ತೆ ಅಗಲ ಮಾಡಿ, 2025ರ ಆಗಸ್ಟ್ 19 ಮತ್ತು 20ರಂದು ಐದು ಕಿ.ಮೀ. ಸಾಗಿಸಿದರು. ನಮ್ಮ ಜಾತ್ರೆಯಲ್ಲಿ ತೇರು ಎಳೆಯೋದಕ್ಕಿಂತ ನಿಧಾನ. ಸ್ವೀಡನ್ ಟಿವಿ ಎರಡೂ ದಿನ ಲೈವ್ ತೋರಿಸಿತು, ರಾಜರೂ ಬಂದಿದ್ದರು.

ನಮ್ಮ ಟೀಮ್‌ನಲ್ಲಿ ಶುಕ್ರವಾರ ಸಂಜೆ ಅರ್ಧ ಗಂಟೆ ಈ ಆಟ ಆಡ್ತೀವಿ. ಕ್ಲೈಂಟ್ ಕಡೆಯ ಒಬ್ಬರು ಸೇರ್ತಾರೆ, ಮಿತಭಾಷಿ, ಟಿಕೆಟ್ ಬಿಟ್ಟು ಬೇರೆ ಮಾತಾಡಿದ್ದು ನಾವು ಕೇಳೇ ಇರಲಿಲ್ಲ. ಒಂದು ಸುತ್ತಿನಲ್ಲಿ ಕಿರುನಾ ಬಂತು. ನಾವೆಲ್ಲ ಚರ್ಚ್ ಕಡೆ ಓಡ್ತಿದ್ದೀವಿ, ಅವರು ನಿಲ್ಲಿ ಅಂದರು. ಎಡಕ್ಕೆ ತಿರುಗಿ, ಇನ್ನೂ ಸ್ವಲ್ಪ, ಆ ಮೂರಂತಸ್ತಿನ ಕಟ್ಟಡ. ‘ನಾನು ಬೆಳೆದಿದ್ದು ಅಲ್ಲಿ. ಈಗ ಇಲ್ಲ, ಕೆಡವಿದ್ದಾರೆ’ ಅಂದರು. ಎರಡನೇ ಮಹಡಿಯ ಕಿಟಕಿಯಲ್ಲಿ ಒಂದು ಹೂಕುಂಡ ಕಾಣ್ತಿತ್ತು. ಅದು ಅಮ್ಮಂದೇ ಇರಬೇಕು ಅಂದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಟೀಮ್‌ನ ಬಾಗಲಕೋಟೆ ಹುಡುಗ ಮೈಕ್ ಆನ್ ಮಾಡಿದ. ಅವನ ಅಜ್ಜಿ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿದೆ. ಅವನು ಹುಟ್ಟಿದ್ದು ನವನಗರದಲ್ಲಿ, ಸೆಕ್ಟರ್ ನಂಬರ್ ಇರೋ ಊರಲ್ಲಿ. ‘ನಿಮ್ಮ ಊರಿನದು ಚಿತ್ರ ಆದರೂ ಇದೆ, ನಮ್ಮ ಓಣಿ ಮುಳುಗುವಾಗ ಸ್ಟ್ರೀಟ್ ವ್ಯೂನೇ ಇರಲಿಲ್ಲ’ ಅಂದ. ಅವತ್ತು ಅರ್ಧ ಗಂಟೆಯ ಮೀಟಿಂಗ್ ಒಂದೂವರೆ ಗಂಟೆ ನಡೀತು. ಹೊಸ ಊರಲ್ಲಿ ಹಳೇ ಅಕ್ಕಪಕ್ಕದವರು ಅಕ್ಕಪಕ್ಕಕ್ಕೇ ಸಿಕ್ಕರಾ, ಪರಿಹಾರ ಎಷ್ಟು ಬಂತು, ದೇವಸ್ಥಾನ ಏನು ಮಾಡಿದಿರಿ, ಚರ್ಚ್ ಹೊಸ ಜಾಗಕ್ಕೆ ಒಗ್ಗಿಕೊಂಡಿತಾ, ಹೀಗೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನ ಕೆಆರ್‌ಎಸ್ ಹಿನ್ನೀರಿಂದ ಕಲ್ಲು ಕಲ್ಲಾಗಿ ಬಿಚ್ಚಿ, ನಂಬರ್ ಹಾಕಿ, ಮೇಲೆ ತಂದು ಕಟ್ಟಿದ್ದನ್ನ ನಾನೂ ಹೇಳಿದೆ. ಅವರು ಅದರ ಫೋಟೋ ಕಳಿಸಿ ಅಂತ ಕೇಳಿದರು.

ನಮ್ಮ ದೇಶಕ್ಕೆ ಸ್ಟ್ರೀಟ್ ವ್ಯೂ ಬಂದಿದ್ದು ತಡ. 2011ರಲ್ಲಿ ಬೆಂಗಳೂರಲ್ಲಿ ಶುರು ಮಾಡಿ, ಪೊಲೀಸರು ಬೇಡ ಅಂದಿದ್ದಕ್ಕೆ ನಿಲ್ಲಿಸಿದ್ದರು. ಕೊನೆಗೆ 2022ರ ಜುಲೈನಲ್ಲಿ ಹತ್ತು ಊರುಗಳೊಂದಿಗೆ ಬಂತು, ಬೆಂಗಳೂರು, ಪುಣೆ, ಚೆನ್ನೈ, ಹೈದರಾಬಾದ್ ಎಲ್ಲ ಅದರಲ್ಲಿವೆ. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದೇ ಜಾಗದ ಬೇರೆ ಬೇರೆ ವರ್ಷದ ಚಿತ್ರಗಳಿದ್ದರೆ ತಾರೀಖು ಒತ್ತಿ ಹಿಂದಕ್ಕೆ ಹೋಗಬಹುದು. ಆಟ ಮುಗಿದ ಮೇಲೆ ಆ ಜಾಗವನ್ನ ಮ್ಯಾಪ್ಸ್‌ನಲ್ಲಿ ತೆಗೆದು ತಾರೀಖು ನೋಡೋದು ನಮ್ಮ ಟೀಮ್‌ನಲ್ಲಿ ಈಗ ರೂಢಿ ಆಗಿದೆ. ಬಾಗಲಕೋಟೆ ಹುಡುಗ ಅಂತೂ ಮೊದಲು ತಾರೀಖೇ ಕೇಳ್ತಾನೆ.

ಸರಿ, ಮಾತು ಸಾಕು. ಈಗ ಸ್ಕ್ರೀನ್ ಶೇರ್ ಮಾಡ್ತೀನಿ, ಎಲ್ಲರೂ ಸೇರಿ ಒಂದು ಸುತ್ತು ಆಡೋಣ. ಕಾಣ್ತಿದೆಯಾ? ದೂರದಲ್ಲಿ ಒಂದು ಮರದ ಚರ್ಚ್ ಇದೆ, ಅದನ್ನ ಸದ್ಯಕ್ಕೆ ಬಿಡಿ. ಮೊದಲು ಗೆರೆ ಯಾವ ಬಣ್ಣ ಅಂತ ಚಾಟ್‌ನಲ್ಲಿ ಹಾಕಿ.