ನಷ್ಟದ ಲೆಕ್ಕ ಮನೆಯವರ ಮುಂದೆ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಅನುಭಾವ ಗೋಷ್ಠಿಯಲ್ಲಿ ಷೇರುಪೇಟೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ವಿಷಯ ಕೊಟ್ಟವರು ಪೂಜ್ಯರೇ. ಮಠಕ್ಕೆ ಬಂದು ಅವರ ಮುಂದೆ ಕಷ್ಟ ಹೇಳಿಕೊಳ್ಳುವ ನಿವೃತ್ತರಲ್ಲಿ ಮಕ್ಕಳ ಮದುವೆ, ಆಸ್ತಿ ಜಗಳಗಳ ಜೊತೆಗೆ ಈಗ ಇದೂ ಸೇರಿಕೊಂಡಿದೆಯಂತೆ. ನಾನು ಹಣಕಾಸಿನ ಪಂಡಿತನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಏರಿಗಳ ಲೆಕ್ಕ ಬರೆದವನು. ಅದೇ ಕಣ್ಣಿನಿಂದ ನೋಡಿದ್ದನ್ನು ಹೇಳುತ್ತೇನೆ. ಯಾವ ಷೇರು ಕೊಳ್ಳಬೇಕು, ಯಾವುದು ಬೇಡ ಎಂದು ಕೇಳಬೇಡಿ, ಅದು ನನಗೆ ಗೊತ್ತಿಲ್ಲ.

ನಮ್ಮಂಥ ಸರ್ಕಾರಿ ನೌಕರರ ಕಥೆ ಒಂದೇ ಅಚ್ಚಿನದು. ಸೇವೆ ಇರುವವರೆಗೆ ಸಂಬಳ ಬಂದಷ್ಟು ಬಂತು, ಖರ್ಚಾದಷ್ಟು ಆಯಿತು. ನಿವೃತ್ತಿಯ ದಿನ ಉಪದಾನ, ಗಳಿಕೆ ರಜೆಯ ನಗದು, ಪಿಂಚಣಿ ಪರಿವರ್ತನೆಯ ಮೊತ್ತ ಎಲ್ಲ ಸೇರಿ ಜೀವಮಾನದಲ್ಲಿ ಎಂದೂ ಕಾಣದಷ್ಟು ಹಣ ಒಮ್ಮೆಗೇ ಖಾತೆಗೆ ಬರುತ್ತದೆ. ಅದು ಬಂದ ವಾರದೊಳಗೆ ಬ್ಯಾಂಕಿನ ಹುಡುಗ, ವಿಮೆಯ ನೆಂಟ, ಷೇರು ದಲ್ಲಾಳಿ ಮೂವರೂ ಬಾಗಿಲಿಗೆ ಬರುತ್ತಾರೆ. ಇವರಿಗೆಲ್ಲ ನಮ್ಮ ನಿವೃತ್ತಿಯ ತಾರೀಖು ಹೇಗೆ ಗೊತ್ತಾಗುತ್ತದೋ!

2020ರ ಮಾರ್ಚ್ 23 ನಿಮಗೆ ನೆನಪಿರಬಹುದು. ಅಂದು ಬೆಳಿಗ್ಗೆ ಪೇಟೆ ತೆರೆದು ಒಂದು ಗಂಟೆ ಆಗುವುದರೊಳಗೆ ಸೂಚ್ಯಂಕ ಶೇಕಡಾ 10 ಕುಸಿದು, ನಿಯಮದ ಪ್ರಕಾರ 45 ನಿಮಿಷ ವಹಿವಾಟು ನಿಲ್ಲಿಸಿದರು. ಮತ್ತೆ ತೆರೆದಾಗ ಇನ್ನೂ ಇಳಿಯಿತು. ಸಂಜೆಗೆ ಸೆನ್ಸೆಕ್ಸ್ 3,900ಕ್ಕೂ ಹೆಚ್ಚು ಅಂಶ ಕಳೆದುಕೊಂಡು 25,981ರಲ್ಲಿ ನಿಂತಿತು. ಎರಡು ತಿಂಗಳ ಹಿಂದೆ ಅದೇ ಸೆನ್ಸೆಕ್ಸ್ 42,000ದ ಆಸುಪಾಸಿನಲ್ಲಿತ್ತು. ಅಂದರೆ ನೂರು ರೂಪಾಯಿ ಅರವತ್ತೆರಡಾಗಿತ್ತು. ಮ್ಯೂಚುವಲ್ ಫಂಡಿನಲ್ಲಿದ್ದ ನನ್ನ 12 ಲಕ್ಷ ಅಂದಿನ ರಾತ್ರಿ ಏಳೂವರೆ ಲಕ್ಷ ಎಂದು ತೋರಿಸುತ್ತಿತ್ತು. ನಮ್ಮ ಮನೆಯವರು ಆ ಅಂಕಿಯನ್ನು ನೋಡಿ, ‘ಪಿಂಚಣಿ ಬರುತ್ತದಲ್ಲ?’ ಎಂದು ಒಂದೇ ಮಾತು ಕೇಳಿದರು. ಬರುತ್ತದೆ ಎಂದೆ. ಮರುದಿನ ರಾತ್ರಿ ದೇಶಕ್ಕೇ ಬೀಗ ಬಿದ್ದಿದ್ದರಿಂದ ಈ ಚಿಂತೆ ಹಿಂದಕ್ಕೆ ಸರಿಯಿತು.

ಇಲ್ಲಿ ಒಂದು ಸಣ್ಣ ಗಣಿತ. ನೂರು ಅರವತ್ತೆರಡಾದರೆ ಹೋದದ್ದು ಶೇಕಡಾ 38. ಆದರೆ ಅರವತ್ತೆರಡು ಮತ್ತೆ ನೂರಾಗಲು ಶೇಕಡಾ 61ಕ್ಕೂ ಹೆಚ್ಚು ಏರಬೇಕು. 2008ರಲ್ಲಿ ಇನ್ನೂ ಘೋರ. ಆ ವರ್ಷದ ಜನವರಿಯಲ್ಲಿ 20,873ರಲ್ಲಿದ್ದ ಸೆನ್ಸೆಕ್ಸ್ 2009ರ ಮಾರ್ಚಿಗೆ 8,160ಕ್ಕೆ ಬಂತು. ಇಳಿದದ್ದು ಶೇಕಡಾ 61, ಹಿಂದಿನ ಮಟ್ಟ ಮುಟ್ಟಲು ಏರಬೇಕಾದದ್ದು ಶೇಕಡಾ 156. ಇಳಿಯುವ ಮೆಟ್ಟಿಲೂ ಹತ್ತುವ ಮೆಟ್ಟಿಲೂ ಒಂದೇ ಅಳತೆಯವಲ್ಲ.

‘ತಾಳ್ಮೆ ಇರಲಿ, ಪೇಟೆ ಮತ್ತೆ ಮೇಲೆ ಬಂದೇ ಬರುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಇದು ಅರ್ಧ ಸತ್ಯ. 2008ರ ಮಟ್ಟವನ್ನು ಸೆನ್ಸೆಕ್ಸ್ 2010ರ ನವೆಂಬರಿನ ದೀಪಾವಳಿಯ ಹೊತ್ತಿಗೆ ಮುಟ್ಟಿತು. 2020ರ ಮಟ್ಟವನ್ನು ಅದೇ ವರ್ಷದ ನವೆಂಬರಿನಲ್ಲಿ ಮುಟ್ಟಿತು. ಆದರೆ ಅದು ಸೂಚ್ಯಂಕದ ಮಾತು. 2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಷೇರಿಗೆ ಊರೂರಿನಲ್ಲಿ ಜನ ಅರ್ಜಿ ತುಂಬಿದರು, ನೆನಪಿದೆಯೇ? ನಮ್ಮ ಕಚೇರಿಯ ಜವಾನರೂ ಭವಿಷ್ಯನಿಧಿಯಿಂದ ಮುಂಗಡ ತೆಗೆದು ಹಾಕಿದ್ದರು. ಸಣ್ಣ ಹೂಡಿಕೆದಾರರಿಗೆ 430 ರೂಪಾಯಿಗೆ ಕೊಟ್ಟ ಷೇರು, ಫೆಬ್ರವರಿ 11ರಂದು ಪೇಟೆಗೆ ಬಂದ ದಿನವೇ 372ಕ್ಕೆ ಇಳಿಯಿತು. 2020ರಲ್ಲಿ ಎರಡು ರೂಪಾಯಿಗೂ ಕೆಳಗಿತ್ತು. ನಡುವೆ ಬೋನಸ್ ಷೇರು ಕೊಟ್ಟರೂ ಅಂದು ಹಾಕಿದ ಹಣ ಹಿಂತಿರುಗಲಿಲ್ಲ. ಇನ್ನು ಸೂಚ್ಯಂಕವಾದರೂ ಬೇಗ ಬರುತ್ತದೆಂಬ ಭರವಸೆ ಎಲ್ಲೂ ಬರೆದಿಟ್ಟಿಲ್ಲ. ಜಪಾನಿನ ನಿಕ್ಕೈ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ, 34 ವರ್ಷದ ಮೇಲೆ. ಮೂವತ್ತರ ಮಗನಿಗೆ ‘ಕಾಯಿ’ ಎನ್ನಬಹುದು. ಅರವತ್ತೇಳರ ತಂದೆಗೆ ಹಾಗೆನ್ನುವ ಮುಂಚೆ ಅವನ ಮನೆಯ ಖರ್ಚೆಷ್ಟು, ಔಷಧಿ ಎಷ್ಟು ಎಂದು ಕೇಳಬೇಕು.

ಇಷ್ಟಾದರೂ ಕುಸಿತವೊಂದರಿಂದಲೇ ಹಾಳಾದ ಮನೆಗಳನ್ನು ನಾನು ಹೆಚ್ಚು ಕಂಡಿಲ್ಲ. ಹಾಳಾದವರೆಲ್ಲ ಬಹುಪಾಲು ಎರಡನೆಯ ಗುಂಡಿಗೆ ಬಿದ್ದವರು. ಮೊದಲನೆಯದನ್ನು ಮುಚ್ಚಲು ಅವರೇ ತೋಡಿದ ಗುಂಡಿ ಅದು.

ನನ್ನ ಜೊತೆ ಕೆಲಸ ಮಾಡಿದ ಒಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಆ ಮಾರ್ಚಿನಲ್ಲಿ ಹೆದರಿ ಮಾರಿದರು, ಐದು ಲಕ್ಷ ಹೋಯಿತು. ಮನೆಯಲ್ಲಿ ಹೇಳಲಿಲ್ಲ. ಹೇಳುವ ಮೊದಲು ಆ ಐದು ಲಕ್ಷವನ್ನು ದುಡಿದು ತುಂಬಿಬಿಡೋಣ ಎಂದುಕೊಂಡರು. ಮೊಬೈಲಿನಲ್ಲಿ ದಿನವೂ ‘ಟಿಪ್ಸ್’ ಕೊಡುವ ಗುಂಪು ಸೇರಿದರು, ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದರು. ಮೊದಲ ತಿಂಗಳು ನಲವತ್ತು ಸಾವಿರ ಬಂತು. ಆಮೇಲೆ ಹೋಗುತ್ತಲೇ ಇತ್ತು. ಕಡೆಗೆ ಹೆಂಡತಿಯ ಬಂಗಾರ ಬ್ಯಾಂಕಿಗೆ ಹೋಯಿತು. ಆ ತಾಯಿಗೆ ಗೊತ್ತಾದದ್ದು ಹರಾಜಿನ ನೋಟಿಸು ಬಂದ ದಿನ. ಅಷ್ಟರಲ್ಲಿ ಐದು ಲಕ್ಷ ಇಪ್ಪತ್ತಮೂರಾಗಿತ್ತು. ಅವರು ನನ್ನ ಮುಂದೆ ಹೇಳಿದ್ದಿಷ್ಟು: ‘ಹತ್ತು ತಿಂಗಳು ಎದುರಿಗೇ ಕೂತು ಉಂಡರು, ಒಂದು ದಿನವೂ ಹೇಳಲಿಲ್ಲ.’ ದುಡ್ಡಿನ ಮಾತನ್ನು ಆ ತಾಯಿ ಎತ್ತಲೇ ಇಲ್ಲ.

ಇದು ಒಬ್ಬರ ಪಾಡಲ್ಲ. ಈ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟಿನ ಬಗ್ಗೆ ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಅಧ್ಯಯನ ಪ್ರಕಟಿಸಿತು. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ನಮ್ಮ ನಿಮ್ಮಂಥ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನೂರಕ್ಕೆ 93 ಕುಸಿಯುವ ಸೇತುವೆಯ ನಕ್ಷೆಗೆ ನಾನಂತೂ ಸಹಿ ಹಾಕುತ್ತಿರಲಿಲ್ಲ. ಕಂಪನಿಯ ಷೇರು ಇಟ್ಟುಕೊಂಡು ಅದರ ಬೆಳವಣಿಗೆಯಲ್ಲಿ ಪಾಲು ಪಡೆಯುವುದನ್ನು ಕಾಯಕಕ್ಕೆ ದೂರವಾದದ್ದು ಎಂದು ನಾನು ಭಾವಿಸುವುದಿಲ್ಲ. ಅಲ್ಲಿ ಯಾರೋ ದುಡಿಯುತ್ತಿದ್ದಾರೆ, ನಮ್ಮ ಹಣ ಅವರ ಕೈಗೆ ಉಪಕರಣವಾಗಿದೆ. ಗುರುವಾರ ಕೊಂಡು ಶುಕ್ರವಾರ ಮಾರುವ ಪಂದ್ಯಕ್ಕೆ ಆ ಹೆಸರು ಕೊಡಲಾರೆ. ಇದಕ್ಕೆ ಒಪ್ಪದವರು ಈ ಸಭೆಯಲ್ಲೇ ಇದ್ದಾರೆ, ಅವರ ಜೊತೆ ಪ್ರತಿ ಭಾನುವಾರ ವಾದ ಮಾಡುತ್ತಲೇ ಇರುತ್ತೇನೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣ ದಂಪತಿಗಳ ಕಥೆ ನಿಮಗೆಲ್ಲ ಗೊತ್ತು. ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಇದನ್ನು ನಾವು ಅತಿಯಾಸೆ ಬೇಡ ಎಂಬುದಕ್ಕೆ ಉದಾಹರಿಸುತ್ತೇವೆ, ಅದು ಸರಿಯೇ. ನನಗೆ ಮಾತ್ರ ಬೇರೊಂದು ಸಂಗತಿ ದೊಡ್ಡದಾಗಿ ಕಾಣುತ್ತದೆ. ಅಕ್ಕಿ ಹೆಚ್ಚಾಗಿದೆ ಎಂದು ಲಕ್ಕಮ್ಮನಿಗೆ ತಿಳಿದದ್ದು ಹೇಗೆ? ಮಾರಯ್ಯ ತಂದದ್ದನ್ನೆಲ್ಲ ಅವಳ ಮುಂದೆ ಸುರಿಯುತ್ತಿದ್ದ. ದಿನದ ಅಳತೆ ಅವಳಿಗೆ ಗೊತ್ತಿತ್ತು. ಗಂಡ ಬಚ್ಚಿಟ್ಟಿದ್ದರೆ ಲಕ್ಕಮ್ಮ ಎಷ್ಟು ಜ್ಞಾನಿಯಾದರೂ ಏನು ಮಾಡಿಯಾಳು? ನಮ್ಮ ಮನೆಗಳಲ್ಲಿ ಎಷ್ಟು ತಾಯಂದಿರಿಗೆ ಗಂಡನ ಡಿಮ್ಯಾಟ್ ಖಾತೆ ಯಾವ ಕಡೆ ಇದೆ, ನಾಮಿನಿ ಯಾರು, ಸಾಲ ಎಷ್ಟು ಎಂದು ಗೊತ್ತಿದೆ? ವೇದಿಕೆಯ ಮೇಲೆ ಸ್ತ್ರೀಸಮಾನತೆಯ ಉಪನ್ಯಾಸ ಕೊಡುವವರ ಮನೆಯ ವಿಷಯವನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಹೇಳದಿರಲು ಕಾರಣ ಮರ್ಯಾದೆ. ‘ಇಷ್ಟು ಓದಿದವನು, ಇಷ್ಟು ದೊಡ್ಡ ಹುದ್ದೆಯಲ್ಲಿದ್ದವನು ಕಳೆದುಕೊಂಡನೇ’ ಎಂಬ ಮಾತಿಗೆ ಹೆದರುತ್ತೇವೆ. ನಾನು ನೋಡಿದಂತೆ ಹೆಂಡತಿ ಮಕ್ಕಳು ಕೇಳುವುದು ಅದಲ್ಲ, ಇನ್ನೆಷ್ಟು ಉಳಿದಿದೆ, ಸಾಲ ಇದೆಯೇ ಎಂದು. ಆದ್ದರಿಂದ ಬಾಯಿಮಾತಿನಲ್ಲಿ ಹೇಳುವ ಬದಲು ಒಂದು ಹಾಳೆಯ ಮೇಲೆ ಬರೆದುಕೊಂಡು ಕೂತುಕೊಳ್ಳಿ. ಎಡಕ್ಕೆ ಇವತ್ತಿನ ಬೆಲೆಯಲ್ಲಿ ಇರುವುದೆಲ್ಲ, ಬಲಕ್ಕೆ ಕೊಡಬೇಕಾದದ್ದೆಲ್ಲ, ಕೆಳಗೆ ತಿಂಗಳ ಪಿಂಚಣಿ ಮತ್ತು ತಿಂಗಳ ಖರ್ಚು. ‘ಮೊದಲು ಎಷ್ಟಿತ್ತು’ ಎಂಬ ಸಾಲು ಆ ಹಾಳೆಯಲ್ಲಿ ಬೇಡ. ಅದನ್ನು ನೋಡುತ್ತಾ ಕೂತರೆ ತೀರ್ಮಾನಗಳು ಕೆಡುತ್ತವೆ.

ತೀರ್ಮಾನ ಮಾಡುವ ಕ್ರಮಕ್ಕೆ ನನ್ನ ಇಲಾಖೆಯ ಉದಾಹರಣೆ ಕೊಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ನಾನು ಆಗಲೇ ನಿವೃತ್ತ, ಟಿವಿಯಲ್ಲಿ ನೋಡಿದವನು. ಎಂಜಿನಿಯರುಗಳು ಮೊದಲು ಮಾಡಿದ್ದು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟದ್ದು. ರೈತರ ಕಣ್ಣಮುಂದೆ ಬೆಳೆಯ ನೀರು ಹರಿದುಹೋಯಿತು, ಹೊಟ್ಟೆ ಉರಿಯುವಂಥದ್ದೇ. ಆದರೆ ಒತ್ತಡ ಇಳಿಸದೆ ಕಟ್ಟೆಯ ಹತ್ತಿರ ಹೋಗುವಂತಿರಲಿಲ್ಲ. ಆಮೇಲೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ತುಂಡುತುಂಡಾಗಿ ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದರು.

ಹಾಗೆಯೇ ಮನೆಯಲ್ಲೂ ಮೊದಲು ಒತ್ತಡ ಇಳಿಯಬೇಕು. ಷೇರು ಅಡವಿಟ್ಟು ಅಥವಾ ಬೇರೆ ಸಾಲ ತಂದು ಹೂಡಿದ್ದರೆ, ಉಳಿದದ್ದರಲ್ಲಿ ಮಾರಿ ಆ ಸಾಲ ತೀರಿಸಿ, ನಷ್ಟವಾದರೂ ಸರಿ. ಇಳಿದ ಪೇಟೆ ನಿಮಗಾಗಿ ಕಾಯಬಹುದು, ಬಡ್ಡಿ ಕಾಯುವುದಿಲ್ಲ. ಎರಡನೆಯದಾಗಿ, ಪಿಂಚಣಿಗೂ ಖರ್ಚಿಗೂ ನಡುವೆ ಅಂತರ ಇದ್ದರೆ ಮೂರು ವರ್ಷದ ಅಂತರವನ್ನಾದರೂ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲೋ ಬ್ಯಾಂಕ್ ಠೇವಣಿಯಲ್ಲೋ ಇಡಿ. ಬ್ಯಾಂಕ್ ಠೇವಣಿಗೆ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ, ಅದೂ ನೆನಪಿರಲಿ. ಇವೆರಡೂ ಆದ ಮೇಲೆ ಉಳಿದದ್ದು ಸೂಚ್ಯಂಕದ ಫಂಡಿನಲ್ಲೋ ಗಟ್ಟಿ ಕಂಪನಿಯಲ್ಲೋ ಇದ್ದರೆ ಅದನ್ನು ಮುಟ್ಟದೆ ಬಿಡಬಹುದು. ನನ್ನ 12 ಲಕ್ಷ ಮರಳಿದ್ದು ಹಾಗೆಯೇ. ನನಗೆ ಪಿಂಚಣಿ ಇತ್ತು, ಸಾಲ ಇರಲಿಲ್ಲ, ಅದಕ್ಕೇ ಬಿಡಲು ಸಾಧ್ಯವಾಯಿತು. ಅದರಲ್ಲಿ ನನ್ನ ಜಾಣತನವೇನೂ ಇಲ್ಲ. 2006ರ ಏಪ್ರಿಲ್ ನಂತರ ರಾಜ್ಯ ಸೇವೆಗೆ ಸೇರಿದ ನಮ್ಮ ಕಿರಿಯರಿಗೆ ಆ ಪಿಂಚಣಿಯ ಆಸರೆಯೂ ಇಲ್ಲ. ಅವರ ನಿವೃತ್ತಿಯ ಹಣದ ಒಂದು ಭಾಗವೇ ಪೇಟೆಯಲ್ಲಿದೆ. ಅವರು ಇದನ್ನು ಇನ್ನೂ ಎಚ್ಚರದಿಂದ ಕೇಳಬೇಕು.

ನಷ್ಟಕ್ಕೆ ಮಾರಿದವರು ತೆರಿಗೆಯ ವಿವರಪಟ್ಟಿ ಸಲ್ಲಿಸುವುದನ್ನು ಬಿಡಬಾರದು. ಗಡುವಿನೊಳಗೆ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ 8 ವರ್ಷದವರೆಗೆ ಲಾಭದ ಎದುರು ಕಳೆದುಕೊಳ್ಳಬಹುದು. ಒಂದು ವರ್ಷದೊಳಗೆ ಮಾರಿದ ಷೇರಿನ ನಷ್ಟವನ್ನು ಎರಡೂ ಬಗೆಯ ಬಂಡವಾಳ ಲಾಭದ ಎದುರು ಕಳೆಯಬಹುದು, ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡದ್ದರ ನಷ್ಟವನ್ನು ದೀರ್ಘಾವಧಿ ಲಾಭದ ಎದುರು ಮಾತ್ರ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ ಎಂದು ಸಲ್ಲಿಸದೆ ಬಿಟ್ಟು ಈ ಹಕ್ಕು ಕಳೆದುಕೊಂಡವರು ಬಹಳ.

ಇನ್ನು ಮನಸ್ಸು. ರಾತ್ರಿ ಎರಡಕ್ಕೆ ಎದ್ದು ಮೊಬೈಲಿನಲ್ಲಿ ಅಮೆರಿಕದ ಪೇಟೆ ನೋಡುವ ಗಂಡಸನ್ನು ಹೆಂಡತಿ ಗಮನಿಸಿರುತ್ತಾಳೆ. ಊಟ ಬಿಟ್ಟಿದ್ದಾರೆ, ಯಾರ ಜೊತೆಯೂ ಮಾತಿಲ್ಲ, ‘ನಾನಿಲ್ಲದಿದ್ದರೆ ವಿಮೆಯ ಹಣವಾದರೂ ಬರುತ್ತದೆ’ ಎಂಬಂಥ ಮಾತು ಬಂತು ಎಂದರೆ ಅದನ್ನು ಬೇಸರದ ಮಾತು ಎಂದು ತಳ್ಳಿಹಾಕಬೇಡಿ. 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಎಂಬ ಸರ್ಕಾರದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. ಡಾಕ್ಟರಿಗೆ ತೋರಿಸಲು ನಾಚಿಕೆ ಪಡಬೇಕಾದ ಕಾಯಿಲೆ ಇದಲ್ಲ.

ಕೊನೆಯದಾಗಿ ಒಂದು ಬೇಸರ. ಹಣ ಕಳೆದುಕೊಂಡ ಮೇಲೆ ಇಬ್ಬರು ಮೂವರು ಮಠಕ್ಕೆ ಬರುವುದನ್ನೇ ಬಿಟ್ಟಿದ್ದಾರೆ. ದಾಸೋಹದ ಪಟ್ಟಿಯಲ್ಲಿ ಹಿಂದೆ ಬರೆಸಿದಷ್ಟು ಈಗ ಬರೆಸಲಾರೆವು ಎಂಬ ಸಂಕೋಚ. ಈ ಪಟ್ಟಿಯನ್ನು ಹೆಸರು, ಮೊತ್ತ ಸಮೇತ ಗೋಡೆಗೆ ಅಂಟಿಸುವ ಪದ್ಧತಿ ನಿಲ್ಲಿಸೋಣ ಎಂದು ಸಮಿತಿಗೆ ಈಗಾಗಲೇ ಕಾಗದ ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ಇವತ್ತು ಅಧ್ಯಕ್ಷರು ಎದುರಿಗೇ ಕೂತಿದ್ದಾರೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು, ಬಡಿಸಲು, ಲೆಕ್ಕ ಬರೆಯಲು ಕೈಗಳು ಬೇಕಾಗಿವೆ. ಅದಕ್ಕೆ ಡಿಮ್ಯಾಟ್ ಖಾತೆ ಬೇಕಿಲ್ಲ. ಹಾಗೆ ದೂರವಾದವರು ನಿಮ್ಮ ಓಣಿಯಲ್ಲಿದ್ದರೆ ಮುಂದಿನ ತಿಂಗಳು ಕರೆತನ್ನಿ.

ಪ್ರಸಾದ ಮುಗಿದ ಮೇಲೆ ಗ್ರಂಥಾಲಯದ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಇರುತ್ತೇನೆ. ಸ್ಟೇಟ್‌ಮೆಂಟು, ಸಾಲದ ಪತ್ರ ಏನಿದೆಯೋ ತಂದವರು ಬನ್ನಿ, ಹಾಳೆ ಬರೆಯಲು ಸಹಾಯ ಮಾಡುತ್ತೇನೆ. ದಂಪತಿಗಳು ಜೊತೆಯಾಗಿ ಬಂದರೆ ಮೊದಲ ಸರದಿ ಅವರಿಗೆ.